ಒಳಗಿನ ಚಿಲಕ

ಅರವತ್ತು ದಾಟಿದ ಹೆಂಗಸು, ಅದೂ ಉಗಾರ ಬುದ್ರುಕದಂತಹ ಊರಿನವಳು, ಪ್ರಣಯಿಗಳಿಗಾಗಿಯೇ ಕಟ್ಟಿಸಿದ ಒಂದು ಜಪಾನೀ ಹೊಟೇಲಿನಲ್ಲಿ ಒಬ್ಬಳೇ ಒಂದು ರಾತ್ರಿ ತಂಗಿ, ಸುಖವಾಗಿ ನಿದ್ರಿಸಿ ಬಂದೆನೆಂದು ಬರೆದರೆ ವಾಚಕರು ಏನೆಂದುಕೊಳ್ಳುವರೋ ನಾನರಿಯೆ. ನಮ್ಮ ಯಜಮಾನರು ಮಾತ್ರ ನಕ್ಕರು. ಅವರು ನಕ್ಕ ಮೇಲೆ ಉಳಿದವರ ಭಯ ನನಗಿಲ್ಲ. ಆದುದರಿಂದ ನಡೆದುದನ್ನು ನಡೆದಂತೆಯೇ ಹೇಳಿಬಿಡುತ್ತೇನೆ.

ಮೊದಲು ನಮ್ಮ ಊರಿನ ಮಾತು. ಬುದ್ರುಕ ಎಂದರೆ ದೊಡ್ಡದು, ಖುರ್ದ ಎಂದರೆ ಚಿಕ್ಕದು. ಎರಡೂ ಪಾರಸಿಯಿಂದ ಬಂದ ಮಾತುಗಳು. ಹೆಸರಿನಲ್ಲಿ ನಾವೇ ದೊಡ್ಡವರಾದರೂ ಮೀರಜ-ಬೆಳಗಾವಿ ಮಾರ್ಗದ ರೈಲು ನಿಲ್ಲುವುದು ಉಗಾರ ಖುರ್ದದಲ್ಲಿ. 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರಖಾನೆಯೂ ಅಲ್ಲಿಯದೇ. ನಮ್ಮ ಪಾಲಿಗೆ ಬಂದದ್ದು ಕಬ್ಬಿನ ಹೊಲ ಮತ್ತು ದೊಡ್ಡ ದೊಡ್ಡ ಮನೆತನಗಳು.

1981ರಲ್ಲಿ ನಾನು ಸೊಸೆಯಾಗಿ ಕಾಲಿಟ್ಟ ಮನೆಯಲ್ಲಿ ಹದಿನಾಲ್ಕು ಜನರಿದ್ದರು. ರಾತ್ರಿ ಹೆಂಗಸರೂ ಮಕ್ಕಳೂ ನಡುಮನೆಯಲ್ಲಿ ಸಾಲಾಗಿ ಮಲಗಬೇಕು. ಗಂಡಸರಿಗೆ ಪಡಸಾಲೆ, ಸೆಕೆಯ ದಿನಗಳಲ್ಲಿ ಅಂಗಳದ ಕಟ್ಟೆ. ಹೊಸದಾಗಿ ಮದುವೆಯಾದವರೆಂಬ ದಾಕ್ಷಿಣ್ಯಕ್ಕೆ ನಮಗೆ ಜೋಳದ ಚೀಲಗಳನ್ನಿಡುವ ಖೋಲಿಯನ್ನು ಬಿಟ್ಟುಕೊಟ್ಟರು. ಆ ಖೋಲಿಗೆ ಚಿಲಕವಿದ್ದುದು ಹೊರಗಡೆ. ಕಾಳುಕಡಿ ಇಡುವ ಖೋಲಿಗೆ ಒಳಗಿನ ಚಿಲಕವೇಕೆ? ಜೋಳವೇನು ಬಾಗಿಲು ಹಾಕಿಕೊಳ್ಳುತ್ತದೆಯೇ? ನಾವು ಬಾಗಿಲಿಗೆ ಒಂದು ಚೀಲವನ್ನು ಆನಿಸಿ ಮಲಗುತ್ತಿದ್ದೆವು. ಬೆಳಗಿನ ಜಾವ ಯಾರಾದರೂ ಕಾಳಿಗಾಗಿ ಬಾಗಿಲು ನೂಕಿದರೆ ಚೀಲ ಸರಿಯುವ ಸದ್ದಿಗೆ ಇಬ್ಬರೂ ಎದ್ದು ಕುಳಿತುಕೊಳ್ಳುತ್ತಿದ್ದೆವು. ಮೂರು ತಿಂಗಳಲ್ಲಿ ನಾದಿನಿ ಬಾಣಂತನಕ್ಕೆ ಬಂದಳು. ಖೋಲಿ ಅವಳಿಗೆ ಹೋಯಿತು, ನಾನು ನಡುಮನೆಯ ಸಾಲಿಗೆ ಸೇರಿದೆ.

ಇದನ್ನು ದೂರೆಂದು ಹೇಳುತ್ತಿಲ್ಲ. ಆ ಸಾಲಿನಲ್ಲಿ ಮಲಗಿಯೇ ನಾನು ನಕ್ಕಿದ್ದೇನೆ, ಅತ್ತಿದ್ದೇನೆ, ಎರಡು ಮಕ್ಕಳನ್ನು ಬೆಳೆಸಿದ್ದೇನೆ, ದೀಪ ಸಣ್ಣಗೆ ಮಾಡಿಕೊಂಡು ಓದಿ ಶಿಕ್ಷಕಿಯೂ ಆಗಿದ್ದೇನೆ. ಆದರೆ ಒಂದು ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡು ಒಬ್ಬಳೇ ಇರುವ ಸುಖವೆಂಬುದೊಂದಿದೆಯೆಂದು ನನಗೆ ಹೊಳೆದಿರಲೇ ಇಲ್ಲ.

ಹೊಳೆಯುವ ಒಂದು ಸಂದರ್ಭ ಬಂದಿತ್ತು, ಕೈ ತಪ್ಪಿತು. 1986ರಲ್ಲಿ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವ ಕೆಲಸಕ್ಕೆಂದು ಬೇರೊಂದು ಊರಿಗೆ ಹೋಗಿದ್ದೆ. ಕೆಲಸ ಮುಗಿಯುವುದು ತಡವಾಗಿ ಕಡೆಯ ಬಸ್ಸು ತಪ್ಪಿತು. ಕೈಯಲ್ಲಿ ಹಣವಿತ್ತು, ಧೈರ್ಯ ಮಾಡಿ ಒಂದು ಲಾಡ್ಜಿನ ಮೆಟ್ಟಿಲೇರಿದೆ. ಗಲ್ಲೆಯ ಮೇಲಿದ್ದವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು. ಯಾರೂ ಇಲ್ಲವೆಂದು ಖಚಿತವಾದ ಮೇಲೆ, “ಹೆಣ್ಣುಮಕ್ಕಳು ಒಬ್ಬರ ಬಂದ್ರ ಖೋಲಿ ಕೊಡೂದಿಲ್ರೀ ಬಾಯಿ” ಎಂದರು. ಆ ರಾತ್ರಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಚೀಲವನ್ನು ಅವಚಿಕೊಂಡು ಕಳೆದೆ. ಮನೆಯಲ್ಲಿ ಮಾತ್ರ ಗೆಳತಿಯ ಮನೆಯಲ್ಲಿದ್ದೆನೆಂದು ಸುಳ್ಳು ಹೇಳಿದೆ. ಇಷ್ಟು ವರ್ಷಗಳಾದರೂ ಆ ಸುಳ್ಳು ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು.

ಈಗ ಓಸಾಕಾಕ್ಕೆ ಬರೋಣ. ಮಗ ಅಲ್ಲಿ ಇಂಜಿನಿಯರು. 2023ರ ವಸಂತದಲ್ಲಿ ಸೊಸೆಯ ಬಾಣಂತನಕ್ಕೆಂದು ನಾನು ಹೋದೆ. ಮೂರು ತಿಂಗಳ ನಂತರ ಅವಳ ತಾಯಿತಂದೆಗಳು ಹುಬ್ಬಳ್ಳಿಯಿಂದ ಬರುವವರಿದ್ದರು. ಅವರು ಬಂದ ಮರುದಿನ ನನ್ನ ವಿಮಾನ. ಮಗನ ಮನೆಯಲ್ಲಿ ಎರಡೇ ಕೋಣೆ. ಒಂದು ರಾತ್ರಿಯ ಮಟ್ಟಿಗೆ ಸ್ಥಳ ಸಾಲದೆಂದು ಸೊಸೆ ತನ್ನ ಫೋನಿನಲ್ಲಿಯೇ ನನಗೊಂದು ಹೊಟೇಲಿನ ಕೋಣೆ ಗೊತ್ತುಮಾಡಿದಳು. “ಅತ್ತೀ, ಭಾಳ ದೊಡ್ಡ ಖೋಲಿ, ದರಾನೂ ಕಡಿಮಿ. ವಿಮಾನ ನಿಲ್ದಾಣದ ಬಸ್ಸೂ ಸಮೀಪ” ಎಂದು ಹಿಗ್ಗಿದಳು. ಮಗ ಬೀಗರನ್ನು ಎದುರುಗೊಳ್ಳಲು ಹೋಗಿದ್ದನು. ಸೊಸೆ ನನ್ನನ್ನು ಟ್ಯಾಕ್ಸಿಯಲ್ಲಿ ಕೂಡಿಸಿ ಕಳುಹಿದಳು.

ಉಮೆದಾದ ಸಮೀಪದ ಒಂದು ಓಣಿ. ಹೊಟೇಲಿನ ಬಾಗಿಲು ಬೀದಿಗೆ ನೇರವಾಗಿಲ್ಲದೆ ಒಂದು ಗೋಡೆಯ ಮರೆಯಲ್ಲಿತ್ತು. ಒಳಗೆ ಹೋದರೆ ಕುಳಿತುಕೊಳ್ಳಲು ಕುರ್ಚಿಯಿಲ್ಲ, ಮನುಷ್ಯರಿಲ್ಲ. ಗೋಡೆಯ ಮೇಲೆ ಕೋಣೆಗಳ ಚಿತ್ರಗಳು ಸಾಲಾಗಿ ಬೆಳಗುತ್ತಿದ್ದವು. ದೀಪ ಆರಿದ ಚಿತ್ರವೆಂದರೆ ಆ ಕೋಣೆಯಲ್ಲಿ ಜನವಿದೆಯೆಂದರ್ಥ. ಒಂದು ಮೂಲೆಯಲ್ಲಿ ಕೈಯಷ್ಟೇ ಹೋಗುವ ಕಿಟಕಿ. ಆಚೆ ಕುಳಿತವರ ಮುಖ ನನಗೆ ಕಾಣದು, ನನ್ನ ಮುಖ ಅವರಿಗೆ ಕಾಣದು. ಪಾಸ್‌ಪೋರ್ಟನ್ನು ಒಳಗೆ ನೀಡಿದೆ. ವಯಸ್ಸಾದ ಹೆಂಗಸಿನ ಎರಡು ಕೈಗಳು ಅದನ್ನು ತೆಗೆದುಕೊಂಡು, ಪ್ರತಿ ಮಾಡಿಕೊಂಡು, ಬೀಗದ ಕೈಯೊಂದಿಗೆ ಹಿಂದಿರುಗಿಸಿದವು. ಎರಡೂ ಕೈಗಳಿಂದ ಕೊಟ್ಟರು, ನಮ್ಮಲ್ಲಿ ಉಡಿ ತುಂಬುವಾಗ ಕೊಡುವಂತೆ. ಒಬ್ಬಳೇ ಏಕೆ ಬಂದೆ ಎಂದು ಆ ಕೈಗಳು ಕೇಳಲಿಲ್ಲ.

ಕೋಣೆಯಲ್ಲಿ ಕಾಲಿಟ್ಟೊಡನೆ ಗೋಡೆಯೊಳಗಿನಿಂದ ಒಂದು ಯಂತ್ರದ ಧ್ವನಿ ಸ್ವಾಗತ ಹೇಳಿತು. ನಾನು ಗಾಬರಿಯಾಗಿ ನಮಸ್ಕಾರ ಮಾಡಿದೆ. ನಮ್ಮ ನಡುಮನೆಯಷ್ಟು ಅಗಲದ ಕೋಣೆ. ನಾಲ್ಕು ಜನ ಮಲಗಬಹುದಾದ ಮಂಚ. ಎಮ್ಮೆ ಇಳಿಯಬಹುದಾದ ಸ್ನಾನದ ತೊಟ್ಟಿ. ಹಾಡಲು ಮೈಕು, ಮೈಯೊತ್ತುವ ಕುರ್ಚಿ. ಕಿಟಕಿಗೆ ಮಾತ್ರ ಹಲಗೆ ಬಡಿದಿದ್ದರು. ಇವರೆಂತಹ ಜನ, ಇಷ್ಟೆಲ್ಲಾ ಮಾಡಿ ಗಾಳಿಬೆಳಕಿಗೇ ಅಡ್ಡ ಹಾಕಿದ್ದಾರಲ್ಲ ಎಂದುಕೊಳ್ಳುತ್ತಿರುವಾಗ ಮಗನ ಫೋನು ಬಂದಿತು.

“ಅವ್ವಾ, ಅಲ್ಲಿ ಇರೂದು ಬ್ಯಾಡ. ನಾ ಈಗ ಬಂದು ಕರಕೊಂಡು ಹೋಗತೀನಿ. ಅದು... ಅಂಥಾ ಹೊಟೇಲು.”

“ಅಂಥಾದ್ದಂದ್ರ ಎಂಥಾದ್ದೋ?”

“ಗಂಡಾ ಹೆಂಡತಿ ಬರೂವಂಥಾದ್ದು.”

“ಗಂಡಾ ಹೆಂಡತಿ ಬಂದ್ರ ಅದರಾಗ ತಪ್ಪೇನೈತಿ?”

“ಎಲ್ಲಾರೂ ಗಂಡಾ ಹೆಂಡತಿನ ಇರೂದಿಲ್ಲವ್ವಾ” ಎಂದನು, ತಗ್ಗಿದ ಧ್ವನಿಯಲ್ಲಿ. ಹಿಂದಿನಿಂದ ಸೊಸೆ ಅಳುತ್ತಿರುವುದು ಕೇಳಿಸಿತು. ಪಾಪ, ಚಿತ್ರ ನೋಡಿ ಮೋಸಹೋಗಿದ್ದಳು.

ನಾನು ಬಾಗಿಲ ಕಡೆ ನೋಡಿದೆ. ಚಿಲಕ ಒಳಗಡೆಯಿತ್ತು. “ನಾ ಇಲ್ಲೇ ಇರತೀನಿ. ಮುಂಜಾನೆ ಬಾ” ಎಂದು ಫೋನು ಇಟ್ಟೆ. ಇಟ್ಟ ಮೇಲೆ ನನ್ನ ಎದೆ ಹೊಡೆದುಕೊಂಡಿತು. ಮಗನ ಮಾತನ್ನು ಮೀರಿದೆನೆಂದಲ್ಲ. ಇರಬೇಕೆಂದು ನನಗೆ ನಿಜವಾಗಿಯೂ ಆಸೆಯಾಗಿತ್ತಲ್ಲ, ಅದಕ್ಕೆ.

ಇಂತಹ ಹೊಟೇಲುಗಳ ಕಥೆಯನ್ನು ಮಗನಿಂದ ಮರುದಿನ ಬಸ್ಸಿನಲ್ಲಿ ಬಿಡಿಸಿ ಬಿಡಿಸಿ ಕೇಳಿದೆ. ಆಮೇಲೆ ಓದಿಯೂ ತಿಳಿದುಕೊಂಡೆ. ಇವುಗಳಿಗೆ ‘ಲವ್ ಹೊಟೇಲ್’ ಎಂಬ ಹೆಸರು ಬಂದುದು ಓಸಾಕಾದಲ್ಲಿ 1968ರಲ್ಲಿ ಕಟ್ಟಿದ ‘ಹೊಟೇಲ್ ಲವ್’ ಎಂಬುದರಿಂದಂತೆ; ಅದರ ನಾಮಫಲಕ ತಿರುಗುತ್ತಿತ್ತಂತೆ. 1973ರಲ್ಲಿ ಟೋಕಿಯೋದ ಮೆಗುರೋದಲ್ಲಿ ಕೋಟೆಯಾಕಾರದ ‘ಎಂಪರರ್’ ಎದ್ದಿತು. ಅನಂತರ ತಿರುಗುವ ಮಂಚಗಳೂ ಕನ್ನಡಿಯ ಚಾವಣಿಗಳೂ ಬಂದವು. 1985ರಲ್ಲಿ ಕಾನೂನು ಬಿಗಿಯಾದ ಮೇಲೆ ಆ ಆಡಂಬರ ಇಳಿಯಿತು. ಕೆಲವು ಗಂಟೆಗಳ ಮಟ್ಟಿಗೆ ತೆಗೆದುಕೊಂಡರೆ ‘ವಿಶ್ರಾಂತಿ’, ರಾತ್ರಿಯಿಡೀ ಇದ್ದರೆ ‘ವಾಸ’ ಎಂದು ಎರಡು ದರಗಳು. ಪೋಲಿಗಳಿಗೆ ಮಾತ್ರವೇ ಇವು ಎಂದುಕೊಂಡರೆ ತಪ್ಪು. ಆ ದೇಶದ ಮನೆಗಳು ಚಿಕ್ಕವು. ಹಳೆಯ ಮನೆಗಳಲ್ಲಿ ಕೋಣೆ ಕೋಣೆಗಳ ನಡುವೆ ಕಾಗದದ ಬಾಗಿಲು. ಅತ್ತೆಮಾವಂದಿರು, ಮಕ್ಕಳು ಎಲ್ಲರೂ ಒಂದೇ ಸೂರಿನಡಿ. ಮದುವೆಯಾದ ದಂಪತಿಗಳೇ ಎರಡು ಗಂಟೆಗಳ ಏಕಾಂತವನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು. ಇದನ್ನು ಕೇಳಿದಾಗ ನನಗೆ ಜೋಳದ ಚೀಲ ನೆನಪಾಯಿತು. ಮಗನೆದುರು ಹೇಳುವ ಮಾತಲ್ಲವಾದುದರಿಂದ ಬಸ್ಸಿನ ಕಿಟಕಿಯಾಚೆ ನೋಡುತ್ತ ಕುಳಿತೆ.

ಒಬ್ಬರೇ ಬಂದರೆ ಬೇಡವೆನ್ನುವ ಹೊಟೇಲುಗಳು ಅಲ್ಲಿಯೂ ಇದ್ದುವಂತೆ. ಒಂಟಿಯಾಗಿ ಬಂದವರು ಜೀವಕ್ಕೇನಾದರೂ ಮಾಡಿಕೊಂಡರೆಂಬ ಭಯ. ನಮ್ಮ ಲಾಡ್ಜಿನವರ ಭಯವೂ ಇದೇ ಇದ್ದೀತು. ಒಂಟಿತನವೆಂದರೆ ದುಃಖವೇ ಎಂದು ಜಗತ್ತೆಲ್ಲಾ ತಿಳಿದಿದೆ. ಈಗೀಗ ಒಬ್ಬರೇ ಬರುವವರನ್ನೂ ಗೆಳತಿಯರ ಕೂಟಗಳನ್ನೂ ಎಷ್ಟೋ ಹೊಟೇಲುಗಳು ಕರೆದು ಕೂಡಿಸಿಕೊಳ್ಳುತ್ತವೆಯಂತೆ.

ಆ ರಾತ್ರಿ ನಾನು ಮಾಡಿದ್ದೇನು? ತೊಟ್ಟಿಯ ತುಂಬ ಬಿಸಿನೀರು ಬಿಟ್ಟು, ನೀರು ಆರುವ ತನಕ ಕುಳಿತೆ. ಮನೆಯಲ್ಲಿ ಎಂದೂ ಎರಡು ತಂಬಿಗೆಗಿಂತ ಹೆಚ್ಚು ಹೊತ್ತು ಬಚ್ಚಲಲ್ಲಿ ಇದ್ದವಳಲ್ಲ. ಹೊರಗೆ ಯಾರೋ ಕಾಯುತ್ತಿರುತ್ತಾರೆ. ಸೊಸೆ ಕಟ್ಟಿಕೊಟ್ಟ ಚಪಾತಿಯನ್ನು ಮಂಚದ ಮೇಲೆಯೇ ಕುಳಿತು ತಿಂದೆ. ಮೈಕು ಹಿಡಿದು, ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಹಾಡೊಂದನ್ನು ಹಾಡಿದೆ. ಬಳಿಕ ಮಂಚದ ಅಂಚಿನಲ್ಲಿ, ಗೋಡೆಯ ಕಡೆಗೆ ಒತ್ತರಿಸಿ ಮಲಗಿದೆ. ಸ್ವಲ್ಪ ಹೊತ್ತಿಗೆ ನನಗೇ ನಗೆ ಬಂದಿತು: ಯಾರಿಗಾಗಿ ಜಾಗ ಬಿಟ್ಟಿದ್ದೇನೆ? ನಡುವಿಗೆ ಸರಿದೆ.

ಆಗ ನೆನಪಾದವರು ನಮ್ಮ ಅತ್ತೆ. ದಿನವೂ ಸಂಜೆ ಅವರು ಕೊಟ್ಟಿಗೆ ಗುಡಿಸುವೆನೆಂದು ಹೋಗಿ ಅರ್ಧ ಗಂಟೆ ಬರುತ್ತಲೇ ಇರಲಿಲ್ಲ. ಒಮ್ಮೆ ಇಣುಕಿ ನೋಡಿದಾಗ ಕಸಬರಿಗೆಯನ್ನು ಮಗ್ಗುಲಲ್ಲಿಟ್ಟು ಸುಮ್ಮನೆ ಕುಳಿತಿದ್ದರು. ನಾನು ಅದನ್ನು ಮೈಗಳ್ಳತನವೆಂದುಕೊಂಡಿದ್ದೆ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಪರದೇಶದ ಕೋಣೆಯಲ್ಲಿ ಅವರಿಗೆ ಕೈಮುಗಿದೆ.

ಹನ್ನೊಂದು ಗಂಟೆಗೆ ಯಜಮಾನರಿಗೆ ಫೋನು ಮಾಡಿದೆ. ಉಗಾರದಲ್ಲಿ ಆಗ ಏಳೂವರೆ. ಎಲ್ಲವನ್ನೂ ಹೇಳಿದೆ, 1986ರ ಬೆಂಚಿನ ಸಂಗತಿಯನ್ನೂ ಸೇರಿಸಿ. ಅವರು ಮೊದಲು ನಕ್ಕರು. “ಅಲ್ಲ, ನಲವತ್ತು ವರ್ಷ ಸಂಸಾರ ಮಾಡಿ, ಅಂಥಾ ಜಾಗಾಕ್ಕ ನನ್ನ ಬಿಟ್ಟು ಒಬ್ಬಾಕಿನ ಹೋದಿ?” ಎಂದರು. ಬಳಿಕ ಸುಮ್ಮನಾದರು. “ಆ ಜೋಳದ ಖೋಲಿಗೆ ಬಡಿಗೇರಗ ಹೇಳಿ ಒಂದು ಚಿಲಕಾ ಹಾಕಸಬೇಕಂತ ಮಾಡಿದ್ದೆ. ಅಪ್ಪ ಏನಂತಾನೋ ಅಂತ ನಾಚಿ ಬಿಟ್ಟೆ” ಎಂದರು. ಇಷ್ಟು ವರ್ಷ ನನಗೆ ಹೇಳದ ಮಾತು ಅದು. ನಾವಿಬ್ಬರೂ ಒಂದೊಂದು ಮಾತನ್ನು ಬಚ್ಚಿಟ್ಟುಕೊಂಡಿದ್ದೆವು.

ಊರಿಗೆ ಬಂದಾಗ ಆ ಖೋಲಿಯಲ್ಲಿ ಚೀಲಗಳಿರಲಿಲ್ಲ. ಒಂದು ಮೇಜು, ಒಂದು ಕುರ್ಚಿ, ಬಾಗಿಲಿಗೆ ಒಳಗಿನಿಂದ ಹೊಸ ಹಿತ್ತಾಳೆಯ ಚಿಲಕ. ಈ ಪ್ರಬಂಧವನ್ನು ಅಲ್ಲಿಯೇ ಕುಳಿತು ಬರೆಯುತ್ತಿದ್ದೇನೆ. ಈಗಷ್ಟೇ ಯಾರೋ ಬಾಗಿಲು ಬಡಿದರು. “ಚಹಾ ಆಗೇತಿ. ಒಳಗ ತರಲೋ, ಇಲ್ಲೇ ಇಡಲೋ?” ಎಂದು ಯಜಮಾನರು ಕೇಳುತ್ತಿದ್ದಾರೆ. ಚಿಲಕ ತೆಗೆಯಬೇಕು, ಉಳಿದುದನ್ನು ನಾಳೆ ಬರೆದರಾಯಿತು.