ಎರಡನೆಯ ಕೃತಿಯ ಪರೀಕ್ಷೆ

ಕವಿಯ ಮೊದಲನೆಯ ಪುಸ್ತಕವನ್ನು ಲೋಕವು ಕುತೂಹಲದಿಂದ ನೋಡುತ್ತದೆ. ಎರಡನೆಯದನ್ನು ಒರೆಗಲ್ಲಿಗೆ ಹಚ್ಚುತ್ತದೆ. ಮೊದಲನೆಯದು ಎಡವಿದರೆ ‘ಇನ್ನೂ ಎಳೆಯ’ ಎಂದು ಕ್ಷಮಿಸುವ ಔದಾರ್ಯವುಂಟು. ಎರಡನೆಯದಕ್ಕೆ ಆ ಔದಾರ್ಯವಿಲ್ಲ. ತಾನೇ ಹಾಡು ಕಟ್ಟಿ ತಾನೇ ಹಾಡುವವನ ಪಾಡಂತೂ ಇನ್ನೂ ಕಠಿನ. ಅವನ ಕಂಠವನ್ನು ಕೇಳಿದ ಕಿವಿಯ ತೀರ್ಪು ಒಂದು, ಅಚ್ಚಾದ ಪುಟವನ್ನು ಓದಿದ ಕಣ್ಣಿನ ತೀರ್ಪು ಇನ್ನೊಂದು. ಇವೆರಡೂ ಕೂಡಿ ಬರುವುದು ಅಪರೂಪ.

ವರಕವಿ ಬೇಂದ್ರೆಯವರ ‘ಕೃಷ್ಣಕುಮಾರಿ’ ಪ್ರಕಟವಾದುದು 1922ರಲ್ಲಿ. ‘ಗರಿ’ ಹೊರಬಂದುದು 1932ರಲ್ಲಿ. ಈ ಹತ್ತು ವರ್ಷಗಳ ನಡುವೆ ಕನ್ನಡ ನಾಡು ಅವರನ್ನು ಓದಿದುದಕ್ಕಿಂತ ಕೇಳಿದುದೇ ಹೆಚ್ಚು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಸಾಹಿತ್ಯ ಸಮ್ಮೇಳನ ನೆರೆದಾಗ, ಅವರು ‘ಹಕ್ಕಿ ಹಾರುತಿದೆ ನೋಡಿದಿರಾ’ ಎಂಬ ಕವಿತೆಯನ್ನು ಹಾಡಿ ಸಭೆಯನ್ನು ಗೆದ್ದರು. ಆ ಹಾಡು ಮುಂದೆ ‘ಗರಿ’ಯಲ್ಲಿ ಸೇರಿತು. ಗೆಳೆಯರ ಗುಂಪಿನಲ್ಲಿ ಅವರ ಒಡನಾಡಿಯಾಗಿದ್ದ ಬೆಟಗೇರಿ ಕೃಷ್ಣಶರ್ಮರು ನಮ್ಮ ಗೋಕಾವಿ ತಾಲೂಕಿನವರೇ ಎಂಬುದು ಈ ಸೀಮೆಯ ಹೆಮ್ಮೆ.

ಆದರೆ ಅದೇ ‘ಗರಿ’ಯಲ್ಲಿ ‘ನರಬಲಿ’ ಎಂಬ ಕವಿತೆಯೂ ಇದ್ದಿತು. ಅದನ್ನು ಆಂಗ್ಲ ಸರಕಾರವು ರಾಜದ್ರೋಹವೆಂದು ಬಗೆಯಿತು. ಕವಿಯು ಹಿಂಡಲಗಿಯ ಸೆರೆಮನೆಯನ್ನು ಕಂಡರು. ಬಳಿಕ ಧಾರವಾಡದ ಹತ್ತಿರದ ಮುಗದದಲ್ಲಿ ಸ್ಥಾನಬದ್ಧರಾಗಿ ಉಳಿಯಬೇಕಾಯಿತು. ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬೆಳಗಾವಿಗೂ ಹಿಂಡಲಗಿಗೂ ನಡುವೆ ಕೆಲವೇ ಮೈಲಿ. 1929ಕ್ಕೂ 1932ಕ್ಕೂ ನಡುವೆ ಮೂರೇ ವರ್ಷ. ಒಂದೆಡೆ ಚಪ್ಪಾಳೆ, ಇನ್ನೊಂದೆಡೆ ಬೇಡಿ. ಒಬ್ಬನೇ ಕವಿಗೆ ಒಂದೇ ಜಿಲ್ಲೆಯು ಕೊಟ್ಟ ಎರಡು ಸ್ವಾಗತಗಳಿವು!

ಪಂಡಿತರ ವಿಮರ್ಶೆಯ ಮಾತು ಬೇರೆ. ಪುಟದ ಮೇಲೆ ಮಾತ್ರೆ ಎಣಿಸುತ್ತ ಹೋದವರಿಗೆ ಬೇಂದ್ರೆಯವರ ಕೆಲವು ಸಾಲುಗಳು ಕುಂಟುವಂತೆ ತೋರುತ್ತವೆ. ಧಾರವಾಡದ ಆಡುಮಾತು ತೊಡಕೆನಿಸುತ್ತದೆ. ಆದರೆ ಬೀಸುವ ಕಲ್ಲಿನ ಪದದ ಧಾಟಿ, ಲಾವಣಿಯ ಗತ್ತು ಇವುಗಳ ಬೆನ್ನಮೇಲೆ ಏರಿ ಬಂದ ಸಾಲು ಅದು. ಹಾಡುವವರು ಒಂದು ಅಕ್ಷರವನ್ನು ಎಳೆದರೆ ಕುಂಟು ಮಾಯವಾಗುತ್ತದೆ, ಅರ್ಥವೂ ಬಿಚ್ಚಿಕೊಳ್ಳುತ್ತದೆ. ನಮ್ಮವ್ವ ಅಕ್ಷರ ಬಲ್ಲವಳಲ್ಲ. ಧಾರವಾಡದ ಆಕಾಶವಾಣಿಯಲ್ಲಿ ಬೇಂದ್ರೆಯವರ ಹಾಡು ಬಂದಾಗ ಅವಳು ರೊಟ್ಟಿ ಬಡಿಯುವ ಕೈಯನ್ನು ಆ ಲಯಕ್ಕೆ ಹೊಂದಿಸಿಕೊಳ್ಳುತ್ತಿದ್ದಳು. ಒಮ್ಮೆ ನಾನು ಒಂದು ಕವಿತೆಯನ್ನು ಪುಸ್ತಕ ಹಿಡಿದು ಓದಿ ಹೇಳಿದಾಗ, “ಇದು ಅದಲ್ಲ ಬಿಡಪಾ, ಅದು ಹಾಡಿತ್ತು” ಎಂದಳು. ಅದಕ್ಕಿಂತ ಸೂಕ್ಷ್ಮವಾದ ವಿಮರ್ಶೆಯನ್ನು ನಾನು ಓದಿಲ್ಲ.

ಸರಕಾರವಾದರೂ ಈ ಒಂದು ಸಂಗತಿಯನ್ನು ಚೆನ್ನಾಗಿ ಅರಿತಿತ್ತೆಂದು ತೋರುತ್ತದೆ: ಓದಿದ ಮಾತು ಕಪಾಟಿನಲ್ಲಿ ಉಳಿಯುತ್ತದೆ, ಹಾಡಿದ ಮಾತು ಓಣಿಗೆ ಇಳಿಯುತ್ತದೆ. ಅದರ ತೀರ್ಪು ಅನ್ಯಾಯದ್ದು, ಆದರೆ ಉದಾಸೀನದ್ದಲ್ಲ. ಮೆಚ್ಚಿದ ನಾವು ಮಾಡಿದುದೇನು? ಸೆರೆಯ ಅನಂತರ ಕವಿಗೆ ನೆಲೆಯಾದ ಉದ್ಯೋಗವಿಲ್ಲದೆ ವರ್ಷಗಳು ಕಳೆದವು. 1944ರಲ್ಲಿ ಸೊಲ್ಲಾಪುರದ ಕಾಲೇಜು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಜ್ಞಾನಪೀಠ ಬಂದುದು 1973ರ ಸಾಲಿಗೆ. ಚಪ್ಪಾಳೆಗೆ ಖರ್ಚಿಲ್ಲ, ಸಂಸಾರಕ್ಕೆ ಖರ್ಚುಂಟು.

ನಮ್ಮೂರ ಒಡ್ಡಿನ ಹಿನ್ನೀರಿಗೆ ಪ್ರತಿ ಚಳಿಗಾಲ ದೂರದೇಶದ ಕೊಕ್ಕರೆಗಳು ಬರುತ್ತವೆ. 1974ರಿಂದ ಇದು ಘಟಪ್ರಭಾ ಪಕ್ಷಿಧಾಮ. ಹಕ್ಕಿಗಳಿಗೆ ಕಾನೂನಿನ ಆಶ್ರಯ ದೊರೆಯಿತು. ಹಾಡುವವರಿಗೆ ಆಶ್ರಯ ಕೊಡುವ ಭಾರವು ಓದುವ ಮನೆಗಳ ಮೇಲೆಯೇ ಇದೆ. ಇಂದೂ ನಮ್ಮ ತರುಣರು ಹಾಡು ಕಟ್ಟಿ, ಹಾಡಿ, ಎರಡನೆಯ ಧ್ವನಿಮುದ್ರಿಕೆಯನ್ನೋ ಎರಡನೆಯ ಸಂಕಲನವನ್ನೋ ಹಿಡಿದು ನಮ್ಮ ಮುಂದೆ ನಿಲ್ಲುತ್ತಾರೆ. ಮೊದಲನೆಯದರಂತಿಲ್ಲವೆಂದು ಮುಖ ತಿರುವುವ ಮೊದಲು, ಅದನ್ನು ಕೊಂಡು, ಮನೆಯವರೆಲ್ಲ ಕೂತು, ಒಮ್ಮೆ ಬಾಯಿಬಿಟ್ಟು ಹಾಡಿ ನೋಡುವುದು ಲೇಸು. ಗುಣದೋಷಗಳ ವಿಚಾರ ಆಮೇಲೆ ಆಗಲಿ.