ಮೂರರಿಂದ ಎರಡಕ್ಕೆ

ಗೇರ್ ತಪ್ಪಿದಾಗ ಏಳುವ ‘ಕರ್ರ್’ ಎಂಬ ಸದ್ದು ಕಿವಿಯಲ್ಲಿ ನಿಲ್ಲುವುದಿಲ್ಲ, ಹಲ್ಲಿನ ಬುಡಕ್ಕೆ ಹೋಗಿ ಕೂರುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಅಕ್ಕನ ಮಗಳ ಕೈಯಲ್ಲಿ ಮೂರರಿಂದ ಎರಡಕ್ಕೆ ಬರಬೇಕಾದ ಗೇರ್ ಎಲ್ಲಿಗೂ ಬರದೆ ಹಾಗೆ ಅರಚಿಕೊಂಡಿತು. ಮುಂದೆ ಲಾರಿ, ಪಕ್ಕದಲ್ಲಿ ಕಣಿವೆ, ಸಣ್ಣ ಮಳೆ. ಅವಳು ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರ್ ಹಾಕಿ ಕಾರನ್ನು ಹಿಂದಕ್ಕೆ ಒಂದಿಷ್ಟೂ ಜಾರಲು ಬಿಡದೆ ಎಬ್ಬಿಸಿದಳು. ಅದನ್ನು ಯಾರೂ ಗಮನಿಸಲಿಲ್ಲ. ಹಿಂದಿನ ಸೀಟಿನಿಂದ ಭಾವ ಅಂದರು: “ಹೋಯ್ತು ಗೇರ್‌ಬಾಕ್ಸು.”

ನಮ್ಮ ಭಾವನ ಬಾಯಲ್ಲಿ ಎಲ್ಲವೂ ಬಲು ಬೇಗ ಹೋಗಿಬಿಡುತ್ತದೆ. ಮಿಕ್ಸಿ ಸ್ವಲ್ಪ ಬಿಸಿಯಾದರೆ ಮಿಕ್ಸಿ ಹೋಯ್ತು, ಹೂಮಳೆ ನಾಲ್ಕು ದಿನ ತಡವಾದರೆ ಕಾಫಿ ಫಸಲು ಹೋಯ್ತು. ಮನೆಯ ಒಂದೊಂದು ವಸ್ತುವನ್ನೂ ದುಡಿದು ತಂದವರು. ಆ ಗಾಬರಿ ಪ್ರೀತಿಯದೇ. ಆದರೂ ಅವತ್ತು ಆ ಮಾತು ಕೊಟ್ಟಿಗೆಹಾರದವರೆಗೆ ಕಾರಿನೊಳಗೇ ಉಳಿಯಿತು. ನೀರುದೋಸೆಯ ಆಸೆಯಿಂದ ಹೊರಟಿದ್ದ ಹುಡುಗಿ ತಟ್ಟೆಯಲ್ಲೇ ಅರ್ಧ ಬಿಟ್ಟು ಎದ್ದಳು. ಕೈತೊಳೆಯುವಾಗ ಮೆಲ್ಲಗೆ ಕೇಳಿದಳು: “ಚಿಕ್ಕಿ, ಒಳಗೆ ಹಲ್ಲು ಮುರಿದಿರುತ್ತಾ?”

ಮುರಿದಿರುವುದಿಲ್ಲ. ಇದನ್ನು ಅವಳಿಗೆ ವಿವರವಾಗಿ ಹೇಳಬೇಕು ಅನಿಸಿದ್ದರಿಂದಲೇ ಈ ಬರಹ.

ಸದ್ದು ಕೇಳಿದವರೆಲ್ಲ ಒಳಗೆ ಚಕ್ರಕ್ಕೆ ಚಕ್ರ ಹೊಡೆದು ಹಲ್ಲು ಉದುರಿತು ಅಂದುಕೊಳ್ಳುತ್ತಾರೆ. ಆದರೆ ಈಗಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರುಗಳ ಚಕ್ರಗಳೆಲ್ಲ ಯಾವಾಗಲೂ ಜೋಡಿಜೋಡಿಯಾಗಿ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಅವು ಬಿಟ್ಟುಕೊಳ್ಳುವುದೇ ಇಲ್ಲ. ನಾವು ಕಡ್ಡಿ ಎಳೆದಾಗ ಸರಿಯುವುದು ಒಂದು ಉಕ್ಕಿನ ಬಳೆ. ಅದು ಬೇಕಾದ ಚಕ್ರದ ಪಕ್ಕದಲ್ಲಿರುವ ಚಿಕ್ಕ ಹಲ್ಲುಗಳ ಸಾಲಿಗೆ ಹೋಗಿ ಕೂರಬೇಕು. ಎರಡರ ವೇಗವೂ ಸಮವಾಗದೆ ಕೂರುವುದಿಲ್ಲ. ಚಲಿಸುವ ಬಸ್ಸು ಹತ್ತುವವನು ಅದರ ಜೊತೆಗೇ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ ಓಡಿಸುವ ಕೆಲಸ ನಡುವೆ ಇರುವ ಹಿತ್ತಾಳೆಯ ಉಂಗುರದ್ದು. ಗ್ಯಾರೇಜಿನವರು ಅದನ್ನು ಸಿಂಕ್ರೊ ರಿಂಗ್ ಅನ್ನುತ್ತಾರೆ. ಅದು ಚಕ್ರಕ್ಕೆ ಉಜ್ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ವೇಗ ಸರಿಮಾಡುತ್ತದೆ. ಕ್ಲಚ್ ಪೂರ್ತಿ ಕೆಳಗಿಳಿಯದಿದ್ದರೆ, ಇಲ್ಲವೇ ಕೈ ಅವಸರ ಮಾಡಿದರೆ ಉಂಗುರಕ್ಕೆ ಸಮಯ ಸಾಲುವುದಿಲ್ಲ. ಆಗ ಬಳೆಯ ತುದಿ ಆ ಚಿಕ್ಕ ಹಲ್ಲುಗಳ ಮೇಲೆ ಜಾರಿ ಅರಚುತ್ತದೆ. ಆ ಹಲ್ಲುಗಳು ಹದಗೊಳಿಸಿದ ಉಕ್ಕಿನವು. ಒಂದು ಸಲ ಅರಚಿದ್ದಕ್ಕೆ ತುದಿ ಕೂದಲೆಳೆಯಷ್ಟು ಸವೆದರೆ ಹೆಚ್ಚು. ವರ್ಷಗಟ್ಟಲೆ ದಿನವೂ ಅರಚಿಸಿದರೆ ಮಾತ್ರ ತುದಿಗಳು ಮೊಂಡಾಗಿ, ಗೇರ್ ತಾನಾಗಿಯೇ ಹಾರಿ ನ್ಯೂಟ್ರಲ್‌ಗೆ ಬೀಳತೊಡಗುತ್ತದೆ.

ಈ ಏರ್ಪಾಡು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ. ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರನ ಕೆಲಸ. ಅದಕ್ಕೆ ಮುಂಚೆ ವೇಗ ಸರಿಮಾಡುವ ಉಂಗುರವೆಂದರೆ ಡ್ರೈವರನ ಕಾಲು, ಕಿವಿ. ನಮ್ಮ ಕಡೆಗೆ ಆ ಸುಖ ನಿಧಾನವಾಗಿ ಬಂತು. ಫಿಯೆಟ್, ಅಂಬಾಸಡರ್‌ಗಳಲ್ಲೂ ಬಹುಕಾಲ ಒಂದನೇ ಗೇರಿಗೆ ಅದು ಇರಲಿಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಒಂದನೆಯದು ಅನ್ನುವುದು ಡ್ರೈವರುಗಳ ನೇಮ.

ಬಸ್ಸುಗಳ ಕಥೆ ಇನ್ನೂ ದೊಡ್ಡದು. ಹೆಂಗಸರ ಸೀಟು ಮುಂದಿರುತ್ತಿದ್ದುದರಿಂದ ಅಮ್ಮನ ಪಕ್ಕ ಕೂತ ನನಗೆ ಘಾಟಿಯುದ್ದಕ್ಕೂ ಕಾಣುತ್ತಿದ್ದುದು ಡ್ರೈವರನ ಕಾಲುಗಳೇ. ಎಂಜಿನ್ನಿನ ಕಾದ ಮುಚ್ಚಳ, ಅದರ ಪಕ್ಕ ನನ್ನ ಎದೆಯೆತ್ತರದ ಗೇರ್ ಕಡ್ಡಿ, ಅದರ ತಲೆಯ ಮೇಲೆ ಎಷ್ಟೋ ಅಂಗೈಗಳು ನುಣುಪಾಗಿಸಿದ ಕರಿ ಗುಂಡು. ತಿರುವು ಬರುತ್ತಿದ್ದಂತೆ ಎಡಗಾಲು ಕ್ಲಚ್ ಒತ್ತುತ್ತಿತ್ತು, ಕಡ್ಡಿ ನ್ಯೂಟ್ರಲ್‌ಗೆ ಬರುತ್ತಿತ್ತು, ಕ್ಲಚ್ ಬಿಡುತ್ತಿತ್ತು. ಬಲಗಾಲು ಆಕ್ಸಿಲರೇಟರನ್ನು ಒಮ್ಮೆ ತುಳಿದು ಎಂಜಿನ್ ಗರ್ಜಿಸುವಂತೆ ಮಾಡುತ್ತಿತ್ತು. ಮತ್ತೆ ಕ್ಲಚ್, ಮತ್ತೆ ಕಡ್ಡಿ. ಡಬಲ್ ಕ್ಲಚ್ ಅಂದರೆ ಇದು. ಗರ್ಜನೆ ಒಂದಿಷ್ಟು ಹೆಚ್ಚಾದರೂ ಕಡಿಮೆಯಾದರೂ ಗೇರ್ ಕೂರುವುದಿಲ್ಲ. ಎಷ್ಟು ಸಾಕು ಎಂದು ತಿಳಿಸುವ ಮುಳ್ಳು ಯಾವುದೂ ಅವನ ಮುಂದೆ ಇರಲಿಲ್ಲ, ಕಿವಿಯಿಂದಲೇ ಅಳೆಯಬೇಕು. ಹೇರ್‌ಪಿನ್ ತಿರುವಿನಲ್ಲಿ, ಮಂಜಿನಲ್ಲಿ, ಐವತ್ತು ಜನರನ್ನು ಕೂರಿಸಿಕೊಂಡು.

ರಸ್ತೆಗೆ ಹತ್ತಿರವಿದ್ದ ಅಜ್ಜಿಯ ಮನೆಯಲ್ಲಿ ಸಂಜೆ ಬಸ್ಸು ಘಾಟಿ ಹತ್ತುವ ಸದ್ದು ಕೇಳಿಯೇ ಅಜ್ಜಿ ಇವತ್ತು ಯಾವ ಡ್ರೈವರು ಅಂತ ಹೇಳುತ್ತಿದ್ದರು. ಒಬ್ಬನದು ಎರಡು ಗರ್ಜನೆಗಳ ನಡುವೆ ಉದ್ದನೆಯ ಮೌನ, ಇನ್ನೊಬ್ಬನದು ತಡೆಯೇ ಇಲ್ಲದ ಒಂದೇ ಎಳೆ. ಅಂಥ ಕೈಗಳಿಗೂ ಗೇರ್ ತಪ್ಪುತ್ತಿತ್ತು. ಇಡೀ ಬಸ್ಸು ನಡುಗುವಂತೆ ಅರಚುತ್ತಿತ್ತು. ಕ್ಲೀನರ್ ಹುಡುಗ ಮರದ ತುಂಡು ಹಿಡಿದು ಹಿಂದಿನ ಬಾಗಿಲಿನಿಂದ ಹಾರಿ ಚಕ್ರಕ್ಕೆ ಒಡ್ಡುತ್ತಿದ್ದ. ಡ್ರೈವರು ಮೊದಲಿನಿಂದ ಶುರುಮಾಡುತ್ತಿದ್ದ. ಬಸ್ಸಿನಲ್ಲಿ ಯಾರೂ ‘ಹೋಯ್ತು’ ಅಂದದ್ದನ್ನು ನಾನು ಕೇಳಿಲ್ಲ. ಎಲೆಅಡಿಕೆ ಹಾಕುತ್ತಿದ್ದವರು ಹಾಕುತ್ತಲೇ ಇರುತ್ತಿದ್ದರು. ಅಷ್ಟು ಜನರ ಆ ನಂಬಿಕೆ ಬೆನ್ನಿಗಿದ್ದುದರಿಂದಲೇ ಆ ಡ್ರೈವರನ ಕೈ ಎರಡನೇ ಸಲ ನಡುಗುತ್ತಿರಲಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಮ್ಮ ಹುಡುಗಿಗೆ ಸಿಗದೇ ಹೋದದ್ದು ಅದೇ.

ಮೂಡಿಗೆರೆಯಲ್ಲಿ ಒಬ್ಬ ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ನೋಡಿದ. ಅವನು ಕೇಳಿದ ಪ್ರಶ್ನೆಗಳು ನನಗೆ ಬಹಳ ಹಿಡಿಸಿದವು. ಕ್ಲಚ್ ಪೂರ್ತಿ ಒತ್ತಿದರೂ ಅದೇ ಗೇರ್ ಮತ್ತೆ ಮತ್ತೆ ಅರಚುತ್ತಾ? ಕಾಲು ತೆಗೆದ ಕೂಡಲೇ ಗೇರ್ ಹಾರುತ್ತಾ? ಎರಡನೆಯದರಲ್ಲಿ ಮಾತ್ರ ಗುಂಯ್ ಅನ್ನುತ್ತಾ? ಯಾವುದೂ ಇಲ್ಲ. “ಎಲ್ಲ ಗೇರೂ ಅರಚಿದ್ರೆ ಮೊದಲು ಕ್ಲಚ್ ನೋಡಬೇಕು ಮೇಡಂ, ಡಬ್ಬ ಬಿಚ್ಚೋಕೆ ಹೋಗಬಾರದು” ಅಂದ. ಮುಂದಿನ ಸಲ ಗೇರ್ ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟಿನ ಅಯಸ್ಕಾಂತ ನೋಡಿ ಅಂತಲೂ ಹೇಳಿದ. ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಆಗ ಚಿಂತಿಸಬೇಕು.

ನಿಜಕ್ಕೂ ಹೆದರಬೇಕಾದ ತಪ್ಪು ಬೇರೆ ಇದೆ, ಅದು ಅರಚುವುದೂ ಇಲ್ಲ. ವೇಗದಲ್ಲಿ ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಎರಡಕ್ಕೆ ಸಲೀಸಾಗಿ ಹೋಗಿ ಕೂತರೆ, ಕ್ಲಚ್ ಬಿಟ್ಟ ಕ್ಷಣ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಅದೇ ವೇಗಕ್ಕೆ ನಾಲ್ಕರಲ್ಲಿ ನಿಮಿಷಕ್ಕೆ 4,000 ಸುತ್ತು ಇರುವ ಎಂಜಿನ್ ಎರಡರಲ್ಲಿ ಸುಮಾರು 8,000 ಸುತ್ತು ತಿರುಗಬೇಕಾಗುತ್ತದೆ. ಅದರ ಮಿತಿ ಸಾಮಾನ್ಯವಾಗಿ 6,000ದ ಆಸುಪಾಸು. ಇಂಧನ ತಡೆದು ಎಂಜಿನ್ ಕಾಯುವ ಏರ್ಪಾಡಿಗೆ ಇಲ್ಲಿ ಕೈಕಟ್ಟಿದಂತೆ, ಏಕೆಂದರೆ ಎಂಜಿನ್ನನ್ನು ಓಡಿಸುತ್ತಿರುವುದು ಇಂಧನವೇ ಅಲ್ಲ. ವಾಲ್ವು ಪಿಸ್ಟನ್ನಿಗೆ ಬಡಿಯುವುದು ಹಾಗೆ. ನಮ್ಮ ಹುಡುಗಿ ಘಾಟಿಯಲ್ಲಿ ಲಾರಿಯ ಹಿಂದೆ ಹೋಗುತ್ತಿದ್ದ ವೇಗಕ್ಕೆ ಅಂಥದ್ದೇನೂ ಆಗುವುದು ಸಾಧ್ಯವಿರಲಿಲ್ಲ.

ಕಾರು ಈಗಲೂ ಮೊದಲಿನಂತೆಯೇ ಓಡುತ್ತಿದೆ, ಓಡಿಸುತ್ತಿರುವವರು ಭಾವ. ಅವಳು ಅವತ್ತಿನಿಂದ ಕೀ ಮುಟ್ಟಿಲ್ಲ. ಭಾನುವಾರ ಅಕ್ಕನ ಮನೆಯಲ್ಲಿ ಊಟ ಇದೆ. “ಭಾವ, ಕೊಟ್ಟಿಗೆಹಾರಕ್ಕೆ ಹೋಗಿ ಬರೋಣ, ಅವಳೇ ಓಡಿಸಲಿ, ನೀವು ಮನೇಲಿರಿ” ಅಂತ ಊಟಕ್ಕೆ ಕೂರುವ ಮೊದಲೇ ಹೇಳಿಬಿಡುತ್ತೇನೆ.