ಉಕ್ಕಿಗೂ ದಣಿವುಂಟು

ಸೇತುವೆ ಮುರಿಯುವುದು ಅತಿಭಾರದಿಂದಲೇ ಎಂಬುದು ಜನಸಾಮಾನ್ಯರ ಭಾವನೆ. ಆದರೆ ಉಕ್ಕು ಸುಲಭವಾಗಿ ತಾಳಬಲ್ಲ ಭಾರವೇ ಲಕ್ಷೋಪಲಕ್ಷ ಸಲ ಬಂದುಹೋದಾಗ ಲೋಹವು ದಣಿಯುತ್ತದೆ. ಕೂದಲೆಳೆಯಂತಹ ಬಿರುಕೊಂದು ಹುಟ್ಟಿ, ವಾಹನಗಳು ದಾಟಿದಂತೆಲ್ಲ ಬೆಳೆಯುತ್ತದೆ. ಹನಿಗೂಡಿ ಹಳ್ಳವಾಗುವ ಬಗೆಯೇ ಇದು.

ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಮಿಸಿಸಿಪಿ ನದಿಯ ಮೇಲೆ 1968ರಲ್ಲಿ ಸಂಚಾರಕ್ಕೆ ತೆರೆದ ಲಾಫಯೆಟ್ ಬೀದಿಯ ಸೇತುವೆ ಇದಕ್ಕೆ ನಿದರ್ಶನ. ಅದರ ಭಾರವನ್ನು ಹೊತ್ತಿದ್ದುದು ಎರಡೇ ಪ್ರಧಾನ ತೊಲೆಗಳು. ಅವು ಅತ್ತಿತ್ತ ಸರಿಯದಂತೆ ಹಿಡಿಯಲು ಬ್ರೇಸಿಂಗ್ ಎಂಬ ಅಡ್ಡಕಟ್ಟುಗಳಿದ್ದವು. ಅವುಗಳ ಜೋಡಣೆಗೆಂದು ತೊಲೆಗೆ ಉಕ್ಕಿನ ತಗಡುಗಳನ್ನು ಬೆಸೆಯಲಾಗಿತ್ತು. ಅಂತಹ ಒಂದು ಬೆಸುಗೆಯಲ್ಲಿ ಲೋಹವು ಪೂರ್ತಿಯಾಗಿ ಕರಗಿ ಕೂಡಿರಲಿಲ್ಲ. ಆ ಕೊರತೆಯಿಂದಲೇ ಬಿರುಕು ಹೊರಟಿತು. ಏಳು ವರ್ಷ ತುಂಬುವ ಮೊದಲೇ, 1975ರ ಮೇ ತಿಂಗಳಲ್ಲಿ, ಒಂದು ತೊಲೆಯು ಕೆಳ ಅಂಚಿನಿಂದ ಬಹುಮಟ್ಟಿಗೆ ಮೇಲಿನವರೆಗೂ ಸೀಳಿದ್ದುದು ಕಂಡುಬಂದಿತು. ಸೇತುವೆ ನದಿಗೆ ಬೀಳಲಿಲ್ಲವೆಂಬುದೇ ಸಮಾಧಾನ. ನೆರವಿಗೆಂದು ಬಂದ ಅಂಗದ ಬೆಸುಗೆಯೇ ಭಾರ ಹೊತ್ತವನನ್ನು ಮುರಿದಿತ್ತು.

ಲೀಹೈ ವಿಶ್ವವಿದ್ಯಾಲಯದ ಜಾನ್ ಫಿಷರ್ ಮೊದಲಾದವರ ಪ್ರಯೋಗಗಳು ಒಂದು ಸತ್ಯವನ್ನು ಸ್ಥಿರಪಡಿಸಿವೆ. ಬೆಸೆದ ಜೋಡಣೆಯ ಆಯುಷ್ಯವನ್ನು ನಿರ್ಧರಿಸುವುದು ಉಕ್ಕಿನ ಬಲವಲ್ಲ. ಜೋಡಣೆಯ ರೂಪ ಹಾಗೂ ಪ್ರತಿಸಲದ ಒತ್ತಡದ ಏರಿಳಿತ. ಈ ಏರಿಳಿತ ಇಮ್ಮಡಿಸಿದರೆ ಆಯುಷ್ಯವು ಸುಮಾರು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಬೆಲೆಬಾಳುವ ಉಕ್ಕನ್ನು ತಂದಮಾತ್ರಕ್ಕೆ ಅಭಯ ದೊರೆಯದು. ಬಿರುಕು ಚಿಕ್ಕದಿರುವಾಗಲೇ ಕಂಡರೆ ಅದರ ತುದಿಯಲ್ಲಿ ದುಂಡಗೆ ರಂಧ್ರ ಕೊರೆದು ತಡೆಯಬಹುದು. ಬಲಿತ ಮೇಲೆ ತೊಲೆಯನ್ನೇ ದುರಸ್ತಿಗೊಳಿಸಬೇಕಾದೀತು.

ಬೃಹತ್ ಸೇತುವೆಯ ಬಾಳಿಕೆಯು ಹೀಗೆ ಬೆಸುಗೆಗಾರನ ಕೈಯ ಶ್ರದ್ಧೆಯನ್ನೂ, ವರ್ಷವರ್ಷವೂ ತೊಲೆಯಡಿಗೆ ಇಳಿದು ನೋಡುವ ಪರೀಕ್ಷಕನ ಎಚ್ಚರವನ್ನೂ ಅವಲಂಬಿಸಿದೆ.